ಮತ, ಮತಾಂತರ, ಮರ್ದುಂಶುಮಾರಿ: ಕಲಬುರಗಿ ಸೀಮೆಯ ಕೆಲವು ಸಾಕ್ಷ್ಯಗಳು

ಶಾಸ್ತ್ರಗ್ರಂಥಗಳ ವ್ಯಾಖ್ಯಾನಗಳನ್ನು ಓದಿದವರಿಗೆ 'ಮತಾಂತರ'ವೆಂಬ ಶಬ್ದವು ಹೊಸದಲ್ಲ. ವ್ಯಾಖ್ಯಾನಕಾರನು ಒಂದು ಸೂತ್ರಕ್ಕೆ ತನ್ನ ಅರ್ಥವನ್ನು ಹೇಳಿ ಮುಗಿಸಿ, ಬಳಿಕ ಮತ್ತೊಬ್ಬ ಆಚಾರ್ಯನ ಅಭಿಪ್ರಾಯವನ್ನು ಎತ್ತಿಕೊಳ್ಳುವಾಗ ಅದನ್ನು ಮತಾಂತರವೆಂದು ಕರೆಯುವುದು ವಾಡಿಕೆ. ಅಲ್ಲಿ ಆ ಮಾತಿಗೆ 'ಬೇರೊಬ್ಬರ ಎಣಿಕೆ' ಎಂಬಷ್ಟೇ ಅರ್ಥ. ಮನೆ ಬಿಡುವುದು, ಕುಲ ಕಳೆಯುವುದು, ಕಚೇರಿಗೆ ಅರ್ಜಿ ಕೊಡುವುದು, ಇವೊಂದೂ ಅದರೊಳಗೆ ಅಡಗಿಲ್ಲ. 'ಮನ್' ಧಾತುವಿನಿಂದ ಹುಟ್ಟಿದ 'ಮತ'ವು ಮೊದಲು 'ಬಗೆದುದು' ಎಂಬರ್ಥದ್ದಾಗಿದ್ದು, ಕಾಲಕ್ರಮದಲ್ಲಿ ಬಗೆದವರ ಗುಂಪಿಗೂ, ಆ ಗುಂಪಿನ ದೇವರಿಗೂ, ಆಚಾರಕ್ಕೂ ಹೆಸರಾಯಿತು. ಇಂದಿನ ಕನ್ನಡದಲ್ಲಿ ಅದೇ ಶಬ್ದವು ಚುನಾವಣೆಯ ಪೆಟ್ಟಿಗೆಗೆ ಬೀಳುವ ವಸ್ತುವನ್ನೂ ಹೇಳುತ್ತದೆ. ಒಂದೇ ಪದವು ಅಭಿಪ್ರಾಯ, ಧರ್ಮ, ಓಟು ಈ ಮೂರನ್ನೂ ಹೊತ್ತುಕೊಂಡಿರುವುದು ಕೇವಲ ನಿಘಂಟಿನ ವಿನೋದವಲ್ಲವೆಂಬುದನ್ನು ಕಲಬುರಗಿ ಸೀಮೆಯ ಚರಿತ್ರೆಯು ಚೆನ್ನಾಗಿ ತೋರಿಸಿಕೊಡುವುದು.

ಕಲಬುರಗಿಯ ಐವಾನ್-ಎ-ಶಾಹಿಯು ಹೈದರಾಬಾದಿನ ನಿಜಾಮರು ಈ ಪಟ್ಟಣಕ್ಕೆ ಬಂದಾಗ ತಂಗುವುದಕ್ಕಾಗಿ ಕಟ್ಟಿಸಿದ ಭವನ. ಸಂಸ್ಥಾನವು ಅಳಿದ ಮೇಲೆ ಅದು ಸರಕಾರದ ಅತಿಥಿಗೃಹವಾಗಿ, ಸುತ್ತಲಿನ ಬಡಾವಣೆಗೂ ತನ್ನ ಹೆಸರನ್ನು ಕೊಟ್ಟು ನಿಂತಿದೆ. ಅಲ್ಲಿಂದ ಹೊರಟವನು ಒಂದು ಹಗಲಿನೊಳಗಾಗಿ ಬಹಮನೀ ಕೋಟೆಯಲ್ಲಿ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯನ್ನೂ, ಖಾಜಾ ಬಂದೇನವಾಜರ ದರ್ಗಾವನ್ನೂ, ಶರಣಬಸವೇಶ್ವರರ ಗುಡಿಯನ್ನೂ, ವಿಶ್ವವಿದ್ಯಾಲಯದ ಸಮೀಪದಲ್ಲಿ ಈ ಶತಮಾನದ ಆದಿಯಲ್ಲಿ ಎದ್ದ ಬುದ್ಧವಿಹಾರವನ್ನೂ ಸುತ್ತಿ ಬರಬಹುದು. ಇಷ್ಟು ಮತಗಳು ಒಂದೇ ಊರಿನಲ್ಲಿ ನೆಲೆಸಿರುವುದು ಆಶ್ಚರ್ಯವಲ್ಲ. ಅಂಥ ಊರುಗಳು ಕನ್ನಡನಾಡಿನಲ್ಲಿ ಹಲವಿವೆ. ವಿಚಾರಿಸಬೇಕಾದುದು, ಜನರು ಒಂದರಿಂದ ಇನ್ನೊಂದಕ್ಕೆ ಹೇಗೆ ನಡೆದರು, ನಡೆದಾಗ ಏನನ್ನು ಹಿಂದೆ ಬಿಟ್ಟರು, ಮತ್ತು 'ನೀನು ಯಾರವನು?' ಎಂದು ಅವರನ್ನು ಕೇಳುವ ಅಧಿಕಾರವು ಯಾರ ಕೈಗೆ ಸೇರಿತು ಎಂಬುದು.

ಭೀಮಾನದಿಯ ದಡದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಪ್ರಸಿದ್ಧವಾದುದು. ಅದರ ಆವರಣದ ಕಾಳಿಕಾಲಯದ ಚಾವಣಿಯು 1986ರಲ್ಲಿ ಕುಸಿದು ಮೂರ್ತಿಯು ಭಿನ್ನವಾದಾಗ, ಆ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಎರಡು ಮುಖಗಳಲ್ಲಿಯೂ ಬರವಣಿಗೆಯುಳ್ಳ ಆ ಶಿಲೆಯಲ್ಲಿ ಅಶೋಕನ ಹದಿನಾಲ್ಕು ಬಂಡೆ ಶಾಸನಗಳ ಪೈಕಿ 12ನೆಯದೂ 14ನೆಯದೂ, ಕಳಿಂಗದಲ್ಲಿ ಮಾತ್ರ ಮೊದಲು ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. ಮೂರ್ತಿಯನ್ನು ನಿಲ್ಲಿಸಲು ನಡುವೆ ಕುಳಿ ಕೊರೆದುದರಿಂದ ಕೆಲವು ಅಕ್ಷರಗಳು ನಷ್ಟವಾಗಿವೆ. ಹಾಗೆ ಕೊರೆಯಲ್ಪಟ್ಟ ಕಲ್ಲಿನಲ್ಲಿರುವ 12ನೆಯ ಶಾಸನದ ವಿಷಯವಾದರೋ ಪರಮತದ ಗೌರವ! ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುವನು, ಒಬ್ಬರು ಇನ್ನೊಬ್ಬರ ಧರ್ಮವನ್ನು ಕಿವಿಗೊಟ್ಟು ಕೇಳಬೇಕು, ಎಂಬುದು ಅದರ ತಾತ್ಪರ್ಯ.

ಇಲ್ಲಿ ಗಮನಿಸತಕ್ಕ ಒಂದು ಶಬ್ದವಿದೆ. ಅಶೋಕನು ಎಲ್ಲ ಪಂಥಗಳನ್ನೂ 'ಪಾಸಂಡ'ಗಳೆಂದು ಕರೆದು, ಸರ್ವ ಪಾಸಂಡಗಳನ್ನೂ ತಾನು ಪೂಜಿಸುವೆನೆಂದು ಬರೆಯಿಸಿದ್ದಾನೆ. ಅವನ ಬಾಯಲ್ಲಿ ಅದು ನಿಂದೆಯೂ ಅಲ್ಲ, ಸ್ತುತಿಯೂ ಅಲ್ಲ. ಬೌದ್ಧರೂ ಬ್ರಾಹ್ಮಣರೂ ಆಜೀವಕರೂ ಜೈನರೂ ಎಲ್ಲರೂ ಪಾಸಂಡರೇ. ಅದೇ ಶಬ್ದವು ಮನುಸ್ಮೃತಿಯ ಹೊತ್ತಿಗೆ ವೇದಬಾಹ್ಯರನ್ನು ಜರೆಯುವ 'ಪಾಷಂಡ'ವಾಯಿತು. ಕನ್ನಡದಲ್ಲಿ 'ಪಾಷಂಡಿ'ಯೆಂಬುದು ಶುದ್ಧ ಬೈಗುಳವಾಗಿ ಉಳಿಯಿತು. ಪಂಥವೆಂಬ ಸಾಮಾನ್ಯ ನಾಮವು ಪರಪಂಥದ ನಿಂದೆಯಾಗುವುದಕ್ಕೆ ಕೆಲವು ಶತಮಾನಗಳು ಸಾಕಾದುವು. ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊರೆತ ಮಹಾಚೈತ್ಯವೂ, ಅಶೋಕರಾಜನ ಹೆಸರನ್ನು ಬ್ರಾಹ್ಮೀಲಿಪಿಯಲ್ಲಿ ಬರೆದಿರುವ ಅವನ ಶಿಲ್ಪವೂ ಈ ನೆಲದಲ್ಲಿ ಬೌದ್ಧಧರ್ಮವು ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಪ್ರಮಾಣ. ಅದು ಇಲ್ಲಿಂದ ಮರೆಯಾದುದು ಯಾವುದೊಂದು ಯುದ್ಧದಿಂದಲೋ ರಾಜಾಜ್ಞೆಯಿಂದಲೋ ಎಂದು ಹೇಳುವುದಕ್ಕೆ ಆಧಾರವಿಲ್ಲ. ಭಕ್ತರು ಬರುತ್ತಲೇ ಇದ್ದರು, ದೇವತೆ ಬದಲಾದಳು, ಕಲ್ಲು ಅಲ್ಲಿಯೇ ಉಳಿಯಿತು.

ಸೇಡಂ ತಾಲ್ಲೂಕಿನ ಮಳಖೇಡವು, ಎಂದರೆ ರಾಷ್ಟ್ರಕೂಟರ ಮಾನ್ಯಖೇಟವು, ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತದೆ. ಅಮೋಘವರ್ಷ ನೃಪತುಂಗನು ಜಿನಸೇನಾಚಾರ್ಯರ ಪಾದಗಳಿಗೆ ಎರಗಿ ಪವಿತ್ರನಾದೆನೆಂದು ಭಾವಿಸಿದನೆಂಬುದನ್ನು ಜಿನಸೇನರ ಶಿಷ್ಯನಾದ ಗುಣಭದ್ರನು ಉತ್ತರಪುರಾಣದಲ್ಲಿ ಹೇಳುವನು. ಇಷ್ಟನ್ನೇ ಓದಿದವರು ಅರಸನು ಜೈನನೆಂದು ನಿರ್ಣಯಿಸಿಬಿಡುವುದು ಸಹಜ. ಆದರೆ 871ರ ಸಂಜಾನ ತಾಮ್ರಪಟಗಳಲ್ಲಿ ಅದೇ ಅರಸನು ಲೋಕಕ್ಕೊದಗಿದ ಆಪತ್ತನ್ನು ನೀಗಿಸಲು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ವರ್ಣಿತವಾಗಿದೆ. ಆತನು ಜೈನನೋ, ಶಾಕ್ತನೋ? ಈ ಪ್ರಶ್ನೆಯನ್ನು ಕುರಿತು ವಿದ್ವಾಂಸರು ಬಹಳ ಶಾಯಿಯನ್ನು ವ್ಯಯಮಾಡಿದ್ದಾರೆ. ಪ್ರಶ್ನೆಯೇ ಆ ಕಾಲದ್ದಲ್ಲವೆಂದು ತೋರುತ್ತದೆ. ಗುರುವಿನ ಮುಂದೆ ಮಣಿದ ತಲೆಯೂ ದೇವಿಗೆ ಅರ್ಪಿತವಾದ ಬೆರಳೂ ಒಬ್ಬನವೇ ಆಗಿದ್ದುವು. ಎರಡರಲ್ಲಿ ಒಂದನ್ನು ಹುಸಿಯೆನ್ನಲು ಕಾರಣವಿಲ್ಲ. ಆ ಆಸ್ಥಾನದಲ್ಲಿಯೇ ಹುಟ್ಟಿದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂದು ಹೇಳಿರುವುದು ಕನ್ನಡ ಅಧ್ಯಾಪಕರಿಗೆಲ್ಲ ಬಾಯಿಪಾಠವಾದ ವಿಷಯ. ಅದನ್ನು ಸನ್ನತಿಯ ಶಾಸನದೊಡನೆ ಇಟ್ಟು ಓದಿದವರು ಕಡಮೆ. ಒಂದೇ ಜಿಲ್ಲೆಯ ನೆಲದಲ್ಲಿ ಸಾವಿರ ವರುಷಗಳ ಅಂತರದಲ್ಲಿ ಇವೆರಡು ಮಾತುಗಳೂ ಹುಟ್ಟಿದುವೆಂಬುದನ್ನು ಮಾತ್ರ ಇಲ್ಲಿ ಸೂಚಿಸಿದೆ. ಒಂದರಿಂದ ಇನ್ನೊಂದು ಬಂದಿತೆಂದು ಹೇಳುವುದು ಸಾಹಸವಾದೀತು.

ಹೀಗೆಂದು ಹಿಂದಿನದೆಲ್ಲವೂ ಸೌಹಾರ್ದವೇ ಆಗಿತ್ತೆಂದು ಬಗೆಯಲಾಗದು. ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯನ ವೃತ್ತಾಂತವು ಇದಕ್ಕೆ ಪ್ರತಿಸಾಕ್ಷಿ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಹೇಳುವಂತೆ, ರಾಮಯ್ಯನು ಅಲ್ಲಿಯ ಜೈನರೊಡನೆ ಪಂಥವನ್ನು ಕಟ್ಟಿ, ತನ್ನ ಶಿರಸ್ಸನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದನು. ಸೋತವರು ಮಾತಿಗೆ ತಪ್ಪಲಾಗಿ ಜಿನಬಿಂಬವನ್ನು ಕೆಡವಿದನು. ದೂರು ಬಿಜ್ಜಳನವರೆಗೆ ಹೋಗಿ, ಅರಸನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು. ಶಿರಸ್ಸು ಮರಳಿ ಬಂದ ಬಗೆಯನ್ನು ಭಕ್ತರಿಗೆ ಬಿಡಬಹುದು. ಚರಿತ್ರಕಾರನಿಗೆ ಮುಖ್ಯವಾದುದು ಆ ಜಯಪತ್ರ. ದೇವರು ಒಲಿದುದಾದ ಮೇಲೂ ಅರಸನ ಓಲೆಯು ಬೇಕಾಯಿತು! ಒಂದು ಮತದ ಸತ್ಯಕ್ಕೆ ಆಳುವವರ ಮುದ್ರೆಯು ಬೀಳಬೇಕೆಂಬ ಆಶೆಯು ನಮ್ಮ ಕಾಲದ ಸೃಷ್ಟಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅಬ್ಬಲೂರಿನಲ್ಲಿ ಗೆದ್ದುದು ಒಂದು ಗುಡಿ. ಅಲ್ಲಿಯ ಒಕ್ಕಲಿಗರೂ ಕಮ್ಮಾರರೂ ಯಾವ ಮತದವರೆಂದು ಬಿಜ್ಜಳನು ಎಣಿಸಲಿಲ್ಲ.

ದಿಲ್ಲಿಯಿಂದ ಹೊರಟ ಸೈಯದ್ ಮುಹಮ್ಮದ್ ಗೇಸೂದರಾಜರು, ಎಂದರೆ ಖಾಜಾ ಬಂದೇನವಾಜರು, ಫಿರೋಜಶಹನ ಆಳಿಕೆಯಲ್ಲಿ 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹಬಿಟ್ಟರು. ಈ ಸೀಮೆಯಲ್ಲಿ ಇಸ್ಲಾಮು ಹರಡಿದ ಬಗೆಯನ್ನು ಕುರಿತು ಎರಡು ಕಥೆಗಳು ಪ್ರಚಾರದಲ್ಲಿವೆ: ಖಡ್ಗದಿಂದ ಹರಡಿತೆಂದು ಒಂದು, ಸಂತರ ಉಪದೇಶದಿಂದ ಹರಡಿತೆಂದು ಇನ್ನೊಂದು. ಎರಡೂ ಮತಾಂತರವೆಂದರೆ ಒಂದು ದಿನದ ಕಾರ್ಯವೆಂದು ಭಾವಿಸುವುವು. ದಖ್ಖನಿನ ಸೂಫಿಗಳನ್ನು ಕುರಿತು ಪರಿಶೋಧನೆ ಮಾಡಿದ ರಿಚರ್ಡ್ ಈಟನ್‌ರು ಬಿಜಾಪುರದ ದಖನಿ ಭಾಷೆಯ ಬೀಸುವ ಪದಗಳನ್ನು ಪರೀಕ್ಷಿಸಿ, ಹೆಂಗಸರು ಜೋಳ ಬೀಸುತ್ತ ಹಾಡಿದ ಈ ಪದಗಳ ಮೂಲಕ ತಲೆಮಾರುಗಳ ಕಾಲ ಮೆಲ್ಲಮೆಲ್ಲನೆ ಭಾವನೆಗಳು ಬೆರೆತುವೆಂದು ತೋರಿಸಿದ್ದಾರೆ. ಈ ನಿರ್ಣಯವು ಕಲಬುರಗಿಗೂ ಸಲ್ಲತಕ್ಕುದೆಂಬುದಕ್ಕೆ ಜನರ ಹೆಸರುಗಳೇ ಸಾಕ್ಷಿ. ಫಕೀರಪ್ಪ, ಹುಸೇನಪ್ಪ, ಮೌಲಪ್ಪ, ಲಾಲಪ್ಪ, ಖಾಜಪ್ಪ: ಇವು ಮುಸಲ್ಮಾನರಲ್ಲದ ಮನೆಗಳಲ್ಲಿ ಇಟ್ಟ ಹೆಸರುಗಳು. ಮಕ್ಕಳಿಲ್ಲದವರು ಪೀರರಿಗೆ ಹರಕೆ ಹೊತ್ತು, ಮಗು ಹುಟ್ಟಿದಾಗ ಆ ಹೆಸರನ್ನಿಟ್ಟರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ರಿವಾಯತ ಪದಗಳನ್ನು ಹಾಡುವ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಯೊಂದೂ ಇಲ್ಲದಿರುವವು ಉತ್ತರ ಕರ್ನಾಟಕದಲ್ಲಿ ಎಷ್ಟೋ. ಅರಬ್ಬೀ ಹೆಸರಿಗೆ ಕನ್ನಡದ 'ಅಪ್ಪ'ವು ಹತ್ತಿದ ಆ ಕೂಡುಪದವನ್ನು ವ್ಯಾಕರಣದವರು ಅರಿಸಮಾಸವೆನ್ನಬಹುದು. ಇಟ್ಟವರಿಗೆ ಅದರಲ್ಲಿ ವಿರೋಧವೇನೂ ಕಾಣಲಿಲ್ಲ.

ಇದೇ ಬಗೆಯ, ಆದರೆ ಹೆಚ್ಚು ವಿಚಿತ್ರವಾದ ಸಂಪ್ರದಾಯವು ಬೀದರಿನ ಬಳಿಯ ಅಷ್ಟೂರಿನದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಅಹಮದಶಹನ ಗೋರಿಯು ಅಲ್ಲಿದೆ. ಮುಸಲ್ಮಾನರು ಆತನನ್ನು 'ವಲೀ' ಎಂದು ಪೂಜಿಸಿದರೆ, ಲಿಂಗಾಯತರು ಅಲ್ಲಮಪ್ರಭುವೆಂದು ನಂಬಿದ್ದಾರೆ. ಪ್ರತಿ ವರುಷವೂ ಉರುಸಿನ ಮುಂದಾಳಾಗಿ ಹೊರಡುವವನು ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮ. ಬೀದರಿನ ಸ್ಮಾರಕಗಳನ್ನು ಕುರಿತು 1947ರಲ್ಲಿ ಗ್ರಂಥವನ್ನು ಪ್ರಕಟಿಸಿದ ಗುಲಾಂ ಯಜ್ದಾನಿಯವರೂ ಈ ಉತ್ಸವವನ್ನು ಉಲ್ಲೇಖಿಸಿದ್ದಾರೆ. ಕೃಷ್ಣಾತೀರದ ತಿಂಥಣಿಯ ಮೌನೇಶ್ವರರ ಸನ್ನಿಧಿಯಲ್ಲಿಯೂ ಎರಡು ಮತಗಳ ಭಕ್ತರು ತಂತಮ್ಮ ಹೆಸರಿನಿಂದ ಒಬ್ಬರನ್ನೇ ಕರೆಯುವರು. ದೇವರಿಗೆ ಎರಡು ಹೆಸರಿದ್ದರೆ ಭಕ್ತನು ಮತವನ್ನು ಬದಲಿಸಬೇಕಾದ ಅಗತ್ಯವೇ ಬೀಳಲಿಲ್ಲವೆಂದು ಹೇಳಬಹುದು.

ಈ ಸ್ಥಿತಿಯನ್ನು ಮಾರ್ಪಡಿಸಿದುದು ಯಾವ ಉಪದೇಶಕನೂ ಅಲ್ಲ. ಒಂದು ಅಚ್ಚು ಹಾಕಿದ ಕಾಗದ. ನಿಜಾಮ ಸಂಸ್ಥಾನದಲ್ಲಿ ಕ್ರಮಬದ್ಧವಾದ ಜನಗಣತಿಯು 1881ರಲ್ಲಿ ನಡೆಯಿತು. ಉರ್ದುವಿನಲ್ಲಿ ಅದಕ್ಕೆ ಮರ್ದುಂಶುಮಾರಿಯೆಂದೂ, ಮೈಸೂರಿನ ಕಡೆ ಖಾನೇಷುಮಾರಿಯೆಂದೂ ಹೆಸರು. ಎಣಿಸುವವನು ಮನೆಯ ಬಾಗಿಲಿಗೆ ಬಂದು 'ಮಜಹಬ್' ಯಾವುದೆಂದು ಕೇಳಿ ಒಂದು ಅಂಕಣದಲ್ಲಿ ಒಂದೇ ಮಾತನ್ನು ಬರೆದುಕೊಂಡನು. ಹುಸೇನಪ್ಪನ ಹರಕೆಗೆ ಆ ಅಂಕಣದಲ್ಲಿ ಎಡೆಯಿರಲಿಲ್ಲ. ಕಾನೂನು ಸಭೆಗಳಲ್ಲಿಯೂ ನೌಕರಿಯಲ್ಲಿಯೂ ಸ್ಥಾನಗಳನ್ನು ಸಂಖ್ಯೆಗೆ ತಕ್ಕಂತೆ ಹಂಚಬೇಕೆಂಬ ಕೂಗು ಎದ್ದ ಮೇಲಂತೂ ಆ ಒಂದು ಮಾತಿಗೆ ಬೆಲೆ ಬಂದಿತು. ಭಾಗ್ಯರೆಡ್ಡಿ ವರ್ಮರ ಪ್ರಯತ್ನದಿಂದ 1931ರ ಗಣತಿಯಲ್ಲಿ ಸಂಸ್ಥಾನದ ಅಸ್ಪೃಶ್ಯರಿಗೆ 'ಆದಿಹಿಂದೂ' ಎಂಬ ಹೆಸರು ಸಲ್ಲಿತು. ಹೆಸರಿನಿಂದ ಕೇರಿಯ ಬಾವಿ ಬದಲಾಗಲಿಲ್ಲವಾದರೂ, ತಮ್ಮನ್ನು ಏನೆಂದು ಕರೆಯಬೇಕೆಂಬುದನ್ನು ತಾವೇ ಹೇಳುವ ಅಭ್ಯಾಸವು ಅಲ್ಲಿ ಮೊದಲಾಯಿತು.

ಇದೇ ಕಾಲದಲ್ಲಿ ಸಂಸ್ಥಾನದಲ್ಲಿ ಜನರನ್ನು ತಮ್ಮ ಕಡೆಗೆ ಸೆಳೆಯುವ ಉದ್ಯೋಗವು ಭರದಿಂದ ನಡೆಯಿತು. ಬಹಾದೂರ್ ಯಾರ್ ಜಂಗರು ತಬ್ಲೀಗಿನ ಮೂಲಕ ಇಸ್ಲಾಮಿಗೂ, ಆರ್ಯಸಮಾಜದವರು ಶುದ್ಧಿಯ ಮೂಲಕ ವೈದಿಕಧರ್ಮಕ್ಕೂ ಜನರನ್ನು ಕರೆದರು. ಹೈದರಾಬಾದ್ ಸಂಸ್ಥಾನದವರೇ ಆದ ಸಿದ್ದೀಕ್ ಹುಸೇನರು 1924ರಲ್ಲಿ ತಾವೇ ಚನ್ನಬಸವೇಶ್ವರನ ಅವತಾರವೆಂದು ಘೋಷಿಸಿ ದೀನದಾರ ಅಂಜುಮನ್ನನ್ನು ಸ್ಥಾಪಿಸಿದರು. ಹಿಂದೆ ಭಕ್ತರು ತಾವಾಗಿ ಅಹಮದಶಹನನ್ನು ಅಲ್ಲಮನೆಂದುದಕ್ಕೂ, ಇಲ್ಲಿ ಒಬ್ಬರು ತಮಗೆ ತಾವೇ ಆ ಬಗೆಯ ಹೆಸರನ್ನು ಧರಿಸಿ ಪ್ರಚಾರಕ್ಕೆ ಹೊರಟುದಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು. ಶುದ್ಧಿಗೆ ಪಂಡಿತರು ತಾಂಡ್ಯಬ್ರಾಹ್ಮಣದ ವ್ರಾತ್ಯಸ್ತೋಮವನ್ನೂ, ಮ್ಲೇಚ್ಛರಿಂದ ಬಲಾತ್ಕಾರಕ್ಕೆ ಒಳಗಾದವರನ್ನು ಪ್ರಾಯಶ್ಚಿತ್ತದಿಂದ ಮರಳಿ ಸೇರಿಸಿಕೊಳ್ಳುವ ದೇವಲಸ್ಮೃತಿಯನ್ನೂ ಆಧಾರವಾಗಿ ಎತ್ತಿದರು. ದೇವಲನ ವಚನಗಳು ಅಲ್ಲಿಯವರೆಗೆ ಪಾಠಶಾಲೆಗಳಲ್ಲಿ ಧೂಳು ಹಿಡಿದಿದ್ದುವು; ಗಣತಿಯ ಭಯವು ಅವನ್ನು ಹೊರಗೆಳೆಯಿತು. ಅದೂ ಒಂದು ಬಗೆಯ ಗ್ರಂಥೋದ್ಧಾರವೆನ್ನಬೇಕು. ಹವನಕುಂಡ, ಓಂಕಾರಧ್ವಜ, ಉಪದೇಶ ಇವುಗಳಿಗೆ ಸ್ವಾತಂತ್ರ್ಯ ಬೇಕೆಂದು ಆರ್ಯಸಮಾಜವು 1939ರಲ್ಲಿ ಹೂಡಿದ ಸತ್ಯಾಗ್ರಹದಲ್ಲಿ ಮಹಾತ್ಮಾ ನಾರಾಯಣಸ್ವಾಮಿಗಳು ಕಲಬುರಗಿಯಲ್ಲಿ ಬಂಧಿತರಾದರು. ಇಲ್ಲಿಯ ಸೆರೆಮನೆಯು ದೂರದೇಶಗಳಿಂದ ಬಂದ ಸತ್ಯಾಗ್ರಹಿಗಳಿಂದ ತುಂಬಿತು. ಆ ವರುಷದ ಆಗಸ್ಟಿನಲ್ಲಿ ಚಳವಳಿಯು ನಿಂತಿತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವೂ ಭಾರತಕ್ಕೆ ಸೇರಿತು.

ಇನ್ನು ನ್ಯಾಯದ ವಿಚಾರ. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲಬುರಗಿಯ ಸಮೀಪದ ಮರತೂರಿನವನೆಂದು ಪ್ರತೀತಿ; ಕಲ್ಯಾಣದ ವಿಕ್ರಮಾದಿತ್ಯನ ಕಾಲದವನೆಂಬುದರಲ್ಲಿ ಸಂದೇಹವಿಲ್ಲ. ಆತನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ದಾಯಭಾಗದಲ್ಲಿ ಭಾಗಕ್ಕೆ ಅರ್ಹರಲ್ಲದವರ ಪಟ್ಟಿಯೊಂದಿದೆ. ಕ್ಲೀಬ, ಹುಚ್ಚ, ಕುರುಡ ಮೊದಲಾದವರೊಡನೆ ಪತಿತನೂ, ಪತಿತನಿಗೆ ಹುಟ್ಟಿದವನೂ ಅಲ್ಲಿ ಸೇರಿದ್ದಾರೆ. ತನ್ನವರ ಆಚಾರವನ್ನು ಬಿಟ್ಟವನು ಹೊಲಮನೆಯನ್ನೂ ಬಿಡಬೇಕೆಂಬುದಕ್ಕೆ ಶತಮಾನಗಳ ಕಾಲ ಈ ವಚನವೇ ಆಧಾರವಾಗಿದ್ದಿತು. ಬ್ರಿಟಿಷರ ಪ್ರಾಂತಗಳಲ್ಲಿ 1850ರ ಒಂದು ಶಾಸನವು ಮತವನ್ನು ಬಿಟ್ಟುದಕ್ಕಾಗಿ ಯಾರೂ ಆಸ್ತಿಯನ್ನು ಕಳೆದುಕೊಳ್ಳಬೇಕಾಗಿಲ್ಲವೆಂದು ವಿಧಿಸಿತು. ಇದು ದೊಡ್ಡ ಬದಲಾವಣೆ. ಆದರೆ ಹೊಲವೇ ಇಲ್ಲದವನಿಗೆ ಈ ಅನುಗ್ರಹದಿಂದ ಏನು ದೊರೆಯಿತು? ಅವನು ಕಳೆದುಕೊಳ್ಳಬಹುದಾದುದು ಬೇರೆಯದಾಗಿದ್ದಿತು. ಅದು ಸ್ವತಂತ್ರ ಭಾರತದಲ್ಲಿ ತಿಳಿದುಬಂದಿತು.

1950ರ ರಾಷ್ಟ್ರಪತಿಯ ಆಜ್ಞೆಯ ಪ್ರಕಾರ ಹಿಂದೂಧರ್ಮವನ್ನು ಬಿಟ್ಟು ಬೇರೊಂದನ್ನು ಅವಲಂಬಿಸಿದವನು ಪರಿಶಿಷ್ಟಜಾತಿಗೆ ಸೇರಿದವನೆನಿಸಲಾರನು. ಸಿಖ್ಖರಿಗೆ 1956ರಲ್ಲಿ ಈ ನಿಯಮದಿಂದ ವಿನಾಯಿತಿ ದೊರೆಯಿತು. ಅದೇ ವರುಷದ ಅಕ್ಟೋಬರ್ 14ರಂದು ಡಾಕ್ಟರ್ ಅಂಬೇಡಕರರು ನಾಗಪುರದಲ್ಲಿ ಬೌದ್ಧದೀಕ್ಷೆಯನ್ನು ಸ್ವೀಕರಿಸಿ, ನೆರೆದ ಲಕ್ಷಾಂತರ ಜನರಿಗೂ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬೋಧಿಸಿದರು. ಹದಿನೆಂಟು ದಿನಗಳ ಮೇಲೆ, ನವೆಂಬರ್ 1ರಂದು, ಕಲಬುರಗಿಯು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಗಡಿಯಾಚೆಯ ಮಹಾರಾಷ್ಟ್ರವು ಬೌದ್ಧರಾದವರಿಗೆ ತನ್ನ ಅಧಿಕಾರದ ಮಟ್ಟಿಗೆ ಸೌಲಭ್ಯಗಳನ್ನು ಮುಂದುವರಿಸಿತು. ಈಚೆಯವರು ಅದನ್ನು ನೋಡುತ್ತಿದ್ದರು. 1968ರಲ್ಲಿ ಬಿ. ಶ್ಯಾಮಸುಂದರರು ಕಲಬುರಗಿಯಲ್ಲಿ ಭೀಮಸೇನೆಯನ್ನು ಸ್ಥಾಪಿಸಿ, ದಲಿತರು ಹಿಂದೂಗಳೇ ಅಲ್ಲ, ಮೂಲಭಾರತೀಯರೆಂದು ವಾದಿಸಿದರು.

ಆ ಕಾಲದ ಬೌದ್ಧನೊಬ್ಬನ ಸ್ಥಿತಿಯನ್ನು ಶಾಸ್ತ್ರರೀತಿಯಿಂದ ವಿಂಗಡಿಸಿ ನೋಡಬೇಕು. ತಾನು ಕೈಗೊಂಡ ಪ್ರತಿಜ್ಞೆಯ ದೃಷ್ಟಿಯಿಂದ ಅವನು ಹಿಂದೂ ಅಲ್ಲ. 1955-56ರ ಹಿಂದೂ ವಿವಾಹ, ಉತ್ತರಾಧಿಕಾರ ಶಾಸನಗಳಾದರೋ ಬೌದ್ಧರಿಗೂ ಜೈನರಿಗೂ ಸಿಖ್ಖರಿಗೂ ಅನ್ವಯಿಸುವುವು. ಆದುದರಿಂದ ಮದುವೆಯಲ್ಲಿಯೂ ದಾಯದಲ್ಲಿಯೂ ಅವನು ಹಿಂದೂ. ವಿದ್ಯಾರ್ಥಿವೇತನ, ನೌಕರಿ, ಮೀಸಲು ಕ್ಷೇತ್ರಗಳಲ್ಲಿ ಪುನಃ ಹಿಂದೂ ಅಲ್ಲ. ಮಗನನ್ನು ಶಾಲೆಗೆ ಸೇರಿಸಲು ಹೋದ ತಂದೆಯು ದಾಖಲೆಯ ಪುಸ್ತಕದಲ್ಲಿ 'ಬೌದ್ಧ'ವೆಂದು ಬರೆಸಿದರೆ ಮಗನ ಮುಂದಿನ ಓದಿಗೆ ಕುಂದು. 'ಹಿಂದೂ'ವೆಂದು ಬರೆಸಿದರೆ ತನ್ನ ಪ್ರತಿಜ್ಞೆಗೆ ಕುಂದು. ಧರ್ಮಸಂಕಟವೆಂಬ ಮಾತಿಗೆ ಇದಕ್ಕಿಂತ ಅಕ್ಷರಶಃ ಉದಾಹರಣೆಯು ದೊರೆಯಲಾರದು. ಗೋಡೆಯ ಮೇಲೆ ಬುದ್ಧನ ಪಟ, ಕಡತದಲ್ಲಿ ಹಿಂದೂ ಎಂಬ ಮಾತು, ಇವೆರಡೂ ಒಂದೇ ಮನೆಯಲ್ಲಿ ಇದ್ದುದಕ್ಕೆ ಕಪಟವು ಕಾರಣವೆನ್ನುವವರು ಆ ತಂದೆಯ ಜಾಗದಲ್ಲಿ ನಿಂತು ನೋಡಿದವರಲ್ಲ.

1990ರಲ್ಲಿ ತಿದ್ದುಪಡಿಯಾಗಿ ಬೌದ್ಧರೂ ಪರಿಶಿಷ್ಟಜಾತಿಯ ಸೌಲಭ್ಯಕ್ಕೆ ಅರ್ಹರಾದರು. ಇದರ ಮುಂದೆ ಗಣತಿಯ ಅಂಕಿಗಳನ್ನು ಇಟ್ಟು ನೋಡಬೇಕು. ಕರ್ನಾಟಕದಲ್ಲಿ ಬೌದ್ಧರು 1991ರಲ್ಲಿ 73,012 ಮಂದಿ. 2001ರಲ್ಲಿ 3,93,300. ಹತ್ತು ವರುಷಗಳಲ್ಲಿ ಐದು ಪಟ್ಟಿಗೂ ಮಿಕ್ಕ ಈ ಏರಿಕೆಯಲ್ಲಿ ಬೀದರ, ಕಲಬುರಗಿ ಜಿಲ್ಲೆಗಳದೇ ಮುಖ್ಯಭಾಗ. ಒಂದು ದಶಕದಲ್ಲಿ ಮೂರು ಲಕ್ಷ ಜನರಿಗೆ ಹೊಸದಾಗಿ ಬುದ್ಧನಲ್ಲಿ ನಂಬಿಕೆ ಹುಟ್ಟಿತೆಂಬುದಕ್ಕಿಂತ, ಹಿಂದೆಯೇ ಹುಟ್ಟಿದ್ದ ನಂಬಿಕೆಯು ಭಯವಿಲ್ಲದೆ ಬಾಯಿಬಿಟ್ಟಿತೆಂಬುದು ಹೆಚ್ಚು ಸಂಭವನೀಯ. ಹೀಗೆ ನಿರ್ಣಯಿಸಿ ಸುಮ್ಮನಾಗಬಹುದಾಗಿತ್ತು, 2011ರ ಗಣತಿ ಬಾರದಿದ್ದರೆ. ಆ ವರುಷ ಕರ್ನಾಟಕದ ಬೌದ್ಧರ ಸಂಖ್ಯೆಯು 95,710ಕ್ಕೆ ಇಳಿಯಿತು. ಕಲಬುರಗಿಯ ಬುದ್ಧವಿಹಾರವು ಭವ್ಯವಾಗಿ ಎದ್ದುದು ಇದೇ ದಶಕದಲ್ಲಿ! ವಿಹಾರವು ಬೆಳೆದು ಬೌದ್ಧರು ಕರಗಿದರೆಂದು ಹೇಳಬೇಕಾದೀತೆ? ಸೌಲಭ್ಯವು ಕಾಗದದಲ್ಲಿ ದೊರೆತರೂ, ಜಾತಿಯ ಪ್ರಮಾಣಪತ್ರವನ್ನು ಬೇಡುವ ಮೇಜಿನ ಮುಂದೆ 'ಬೌದ್ಧ' ಎಂಬ ಮಾತಿಗೆ ಪ್ರಶ್ನೆಗಳು ಏಳುವುದೆಂಬ ಅಂಜಿಕೆಯು ಹೋಗದಿರುವುದು ಒಂದು ಕಾರಣವಾಗಿರಬಹುದು. ಗಣತಿದಾರರು ಜಾತಿಯ ಹೆಸರನ್ನು ಕೇಳಿದೊಡನೆ ಧರ್ಮದ ಅಂಕಣವನ್ನು ತಾವೇ ತುಂಬಿಕೊಳ್ಳುವುದು ಮತ್ತೊಂದಿರಬಹುದು. ಯಾವುದೇ ಆಗಲಿ, ಈ ಏರಿಳಿತವು ಭಕ್ತಿಯ ಏರಿಳಿತವಲ್ಲವೆಂದು ಧೈರ್ಯವಾಗಿ ಹೇಳಬಹುದು. ಮೂರು ಲಕ್ಷ ಜನರು ಒಂದು ದಶಕದಲ್ಲಿ ಒಂದು ಮತವನ್ನು ಬಿಟ್ಟರೆ ಊರೂರಿನಲ್ಲಿ ಅದರ ಸದ್ದು ಕೇಳಿಸುತ್ತಿತ್ತು.

ಈ ತೊಡಕು ನ್ಯಾಯಾಸನದ ಮುಂದೆಯೂ ಬಂದಿದೆ. ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ 1967ರಲ್ಲಿ ಆಯ್ಕೆಯಾದ ಎಸ್. ರಾಜಗೋಪಾಲರು ಹಿಂದೆ ಕ್ರೈಸ್ತರಾಗಿದ್ದು ಮರಳಿ ಹಿಂದೂಗಳಾದವರು. ಅವರು ಆದಿದ್ರಾವಿಡ ಜಾತಿಗೆ ಮರಳಿ ಸೇರಿದುದು ಸಿದ್ಧವಾಗಲಿಲ್ಲವೆಂದು ಸುಪ್ರೀಂ ಕೋರ್ಟು 1968ರಲ್ಲಿ ಆ ಆಯ್ಕೆಯನ್ನು ಅಸಿಂಧುಗೊಳಿಸಿತು. 1972ರಲ್ಲಿ ಅವರೇ ಪುನಃ ಗೆದ್ದರು. ಅದೇ ಪ್ರತಿಸ್ಪರ್ಧಿಯು ಅದೇ ಆಕ್ಷೇಪಣೆಯನ್ನು ತಂದನು. ಈ ಸಲ, 1975ರಲ್ಲಿ, ಜಾತಿಯವರು ಒಪ್ಪಿ ಸೇರಿಸಿಕೊಂಡರೆ ಮರಳಿದವನು ಆ ಜಾತಿಯವನೇ ಆಗುವನೆಂದು ಅದೇ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಜನರು ಕೊಟ್ಟ ಮತವು ಅವರ ಮತದ ನಿರ್ಣಯದ ಮೇಲೆ ನಿಂತಿತ್ತೆಂಬುದು ಕನ್ನಡದಲ್ಲಿ ಮಾತ್ರ ಆಡಬಹುದಾದ ಮಾತು. ದೇವಲಸ್ಮೃತಿಯಲ್ಲಿ ಪ್ರಾಯಶ್ಚಿತ್ತವು ಶುದ್ಧಿಗೊಳಿಸಿದರೆ, ಇಲ್ಲಿ ಶುದ್ಧಿಗೊಳಿಸಿದುದು ಜಾತಿಬಾಂಧವರ ಒಪ್ಪಿಗೆ, ಪುರೋಹಿತನಿಗೆ ಕೆಲಸವಿರಲಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯಿಂದ ಬಂದ ವ್ಯಾಜ್ಯದಲ್ಲಿ, ಚರ್ಚಿಗೆ ನಡೆದುಕೊಳ್ಳುತ್ತಲೇ ಮೀಸಲಾತಿಗಾಗಿ ಹಿಂದೂವೆನ್ನುವುದು ಸಲ್ಲದೆಂದು ಅದೇ ನ್ಯಾಯಾಲಯವು ಹೇಳಿತು. ಒಬ್ಬರ ನಂಬಿಕೆಯನ್ನು ಅಳೆಯಲು ನ್ಯಾಯಾಧೀಶರು ಪ್ರಾರ್ಥನೆಗೆ ಹೋದ ದಾರಿಯನ್ನು ಪರಿಶೀಲಿಸಬೇಕಾಯಿತೆಂಬುದೇ ಇದರಲ್ಲಿ ಗಮನಾರ್ಹ.

ಲಿಂಗಾಯತರ ಪ್ರಶ್ನೆಯು ಇದರ ಮಗ್ಗುಲಿನದೇ ಆದರೂ ಬೇರೆ ಜಾಡಿನದು. ಇಲ್ಲಿ ಯಾರೂ ಎಲ್ಲಿಗೂ ಹೋಗಬೇಕೆಂದಿಲ್ಲ. ನಿಂತಲ್ಲಿಯೇ ನಿಂತು ಹೆಸರು ಬೇರೆಯಾಗಬೇಕೆಂಬುದು ಬೇಡಿಕೆ. 1955ರ ವಿವಾಹ ಶಾಸನವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟು ಹಿಂದೂಗಳೆಂದು ಪರಿಗಣಿಸಿದೆ. 2017ರ ಜುಲೈನಲ್ಲಿ ಬೀದರಿನಲ್ಲಿಯೂ, ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿಯೂ ಪ್ರತ್ಯೇಕ ಧರ್ಮದ ಮನ್ನಣೆಗಾಗಿ ಬೃಹತ್ಸಭೆಗಳು ನೆರೆದುವು. ನ್ಯಾಯಮೂರ್ತಿ ನಾಗಮೋಹನದಾಸರ ಸಮಿತಿಯ ವರದಿಯ ಮೇರೆಗೆ ರಾಜ್ಯದ ಮಂತ್ರಿಮಂಡಲವು 2018ರ ಮಾರ್ಚ್ 19ರಂದು ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರವು ಮನ್ನಣೆಯನ್ನು ಕೊಡಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗವು ಸಮೀಕ್ಷೆಯನ್ನು ಆರಂಭಿಸಿದಾಗ ಧರ್ಮದ ಅಂಕಣದಲ್ಲಿ ಏನು ಬರೆಯಿಸಬೇಕೆಂದು ಮಠಗಳೂ ಸಂಘಗಳೂ ಬೇರೆ ಬೇರೆ ಕರೆಗಳನ್ನಿತ್ತುವು. ಬಸವಣ್ಣನವರ ಧರ್ಮವು ವೇದಮೂಲವೋ ಅಲ್ಲವೋ ಎಂಬುದು ಗಂಭೀರವಾದ ಚರ್ಚೆ. ವಚನಗಳನ್ನೂ ಆಗಮಗಳನ್ನೂ ಬಲ್ಲವರು ಅದನ್ನು ನಡೆಸತಕ್ಕುದು. ಅದು ಅಂಕಣವೊಂದರ ಹೆಸರಿನ ಸುತ್ತ ಸುತ್ತತೊಡಗಿದ ಮೇಲೆ ಎರಡು ಪಕ್ಷಗಳಲ್ಲಿಯೂ ಪಾಂಡಿತ್ಯವು ವಕಾಲತ್ತಾಗಿದೆಯೆಂದು ವ್ಯಸನದಿಂದ ಹೇಳಬೇಕಾಗಿದೆ. ಏಕಾಂತದ ರಾಮಯ್ಯನ ಜಯಪತ್ರವು ಇನ್ನೂ ಬೇಡಲ್ಪಡುತ್ತಲೇ ಇದೆ.

ರಾಮಯ್ಯನ ಆಳಂದದಲ್ಲಿಯೇ ಲಾಡ್ಲೆ ಮಶಾಯಿಕರ ದರ್ಗಾ ಇದೆ. ಅದರ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಲಿಂಗವೂ ಇದೆ. ಎರಡೂ ಬಹುಕಾಲ ಒಂದೇ ಅಂಗಳದಲ್ಲಿ ಇದ್ದುವು. 2022ರಲ್ಲಿ ಅಲ್ಲಿ ಗಲಭೆಯೆದ್ದ ತರುವಾಯ ಶಿವರಾತ್ರಿಯ ಪೂಜೆಗೆ ನ್ಯಾಯಾಲಯದ ಅಪ್ಪಣೆ, ಒಳಹೊಗುವವರ ಎಣಿಕೆ, ಪೊಲೀಸರ ಕಾವಲು ಇವು ಬೇಕಾದುವು. ಅಷ್ಟೂರಿಗೆ ಮಾತ್ರ ಮಾಡಿಯಾಳದ ಜಂಗಮರ ಯಾತ್ರೆಯು ಸಾಗುತ್ತ ಬಂದಿದೆ.

ಈ ವಿಷಯದಲ್ಲಿ ಇನ್ನು ಆಗಬೇಕಾದ ಕೆಲಸವು ಹೇರಳವಾಗಿದೆ. ಗಣತಿಯ ಸಂಪುಟಗಳನ್ನು ಮಾತ್ರ ನೆಚ್ಚಿ ಬರೆದ ಚರಿತ್ರೆಯು ಅಂಕಣಗಳ ಚರಿತ್ರೆಯಾದೀತು. ಹಳ್ಳಿಯ ಶಾಲೆಗಳ ದಾಖಲೆ ಪುಸ್ತಕಗಳಲ್ಲಿರುವ ಹೆಸರುಗಳು, ದರ್ಗಾಗಳಿಗೂ ಮಠಗಳಿಗೂ ಸಲ್ಲುತ್ತಿದ್ದ ಇನಾಮುಗಳ ಸನದುಗಳು, ಉರುಸು ಜಾತ್ರೆಗಳಲ್ಲಿ ಯಾವ ಮನೆತನಕ್ಕೆ ಯಾವ ಸೇವೆಯೆಂಬ ಹಕ್ಕುಬಾಧ್ಯತೆಗಳ ಕಾಗದಗಳು, ಬೀಸುವ ಪದ, ರಿವಾಯತ ಪದಗಳು: ಇವು ನಂಬಿಕೆಯು ನಡೆದ ದಾರಿಯನ್ನು ತೋರಿಸತಕ್ಕ ಸಾಧನಗಳು. ಈ ಕಾಗದಗಳಲ್ಲಿ ಹಲವು ಫಾರಸಿಯಲ್ಲಿಯೂ, ಉರ್ದುವಿನಲ್ಲಿಯೂ, ಮೋಡಿಯ ಬರಹದಲ್ಲಿಯೂ ಇವೆ. ಮೋಡಿಯನ್ನು ಓದಬಲ್ಲವರು ಈ ಜಿಲ್ಲೆಯಲ್ಲಿ ವಿರಳರಾಗುತ್ತಿದ್ದಾರೆ. ಅವರ ಬಳಿ ಕುಳಿತು ಕಲಿಯುವ ತರುಣರು ಇನ್ನೂ ವಿರಳ. 2021ರಲ್ಲಿ ನಡೆಯಬೇಕಾಗಿದ್ದು 2027ಕ್ಕೆ ಮುಂದೂಡಲ್ಪಟ್ಟಿರುವ ಗಣತಿಯು ಮುಗಿದು ಹೊಸ ಅಂಕಿಗಳು ಅಚ್ಚಾಗುವುದರೊಳಗೆ ಈ ಸಾಧನಗಳ ಒಂದು ಪಟ್ಟಿಯಾದರೂ ಸಿದ್ಧವಾದರೆ, ಆ ಅಂಕಿಗಳನ್ನು ಏತರ ಪಕ್ಕದಲ್ಲಿ ಇಟ್ಟು ಓದಬೇಕೆಂಬುದು ವಿದ್ವಾಂಸರಿಗೆ ತಿಳಿದಿರುತ್ತದೆ.